ಎಂಟು ಪ್ಲಗ್‌ಗಳ ಕಾರು, ನಾಲ್ಕು ಪ್ಲಗ್‌ಗಳ ಬಿಲ್ಲು

ಗ್ಯಾರೇಜಿನ ಬಿಲ್ಲಿನಲ್ಲಿ ‘ಸ್ಪಾರ್ಕ್ ಪ್ಲಗ್ – 4’ ಎಂದು ಬರೆದಿತ್ತು. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಪಾಠ ಮಾಡಿದವಳಿಗೆ ನಾಲ್ಕಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ತಟ್ಟನೆ ಕಾಣಬೇಕಿತ್ತು. ಕಾಣಲಿಲ್ಲ. ಹಳೆಯ ಬಿಲ್ಲುಗಳ ಕಟ್ಟನ್ನು ಒಂದು ಭಾನುವಾರ ಬಿಚ್ಚಿ ಕುಳಿತಾಗ ಮೂರು ಬಿಲ್ಲುಗಳಲ್ಲೂ ಅದೇ ನಾಲ್ಕು. ನನ್ನ ಕಾರಿನಲ್ಲಿ ಇರುವುದು ಎಂಟು.

ಕಾರು 2006ರ ಹೋಂಡಾ ಸಿಟಿ ಝಡ್‌ಎಕ್ಸ್. ಅದರ ಎಂಜಿನ್‌ಗೆ ಐ-ಡಿಎಸ್‌ಐ ಎಂದು ಹೆಸರು. 1497 ಸಿಸಿ, ನಾಲ್ಕು ಸಿಲಿಂಡರ್, ಒಂದೊಂದು ಸಿಲಿಂಡರಿಗೂ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಎರಡೆರಡು ಸ್ಪಾರ್ಕ್ ಪ್ಲಗ್. ಒಂದು ಗಾಳಿ ಒಳಬರುವ ಕಡೆ, ಇನ್ನೊಂದು ಹೊಗೆ ಹೊರಹೋಗುವ ಕಡೆ. ಎರಡು ಬದಿಯಿಂದಲೂ ಕಿಡಿ ಹತ್ತಿದರೆ ಪೆಟ್ರೋಲ್ ಬೇಗನೆ, ಪೂರ್ತಿಯಾಗಿ ಉರಿಯುತ್ತದೆ ಎಂಬುದು ಲೆಕ್ಕಾಚಾರ. ಎರಡೂ ಒಟ್ಟಿಗೇ ಕಿಡಿ ಹಾರಿಸಬೇಕೋ, ಒಂದರ ಹಿಂದೆ ಒಂದೋ ಎಂಬುದನ್ನು ಎಂಜಿನ್ನಿನ ವೇಗ ಮತ್ತು ಹೊರೆ ನೋಡಿಕೊಂಡು ಕಂಪ್ಯೂಟರ್ ನಿರ್ಧರಿಸುತ್ತದೆ. ಅದೇ ಕಾಲದ ಸಿಟಿಯ ವಿಟೆಕ್ ಮಾದರಿಯಲ್ಲಿ ಪ್ಲಗ್ ನಾಲ್ಕೇ. ನೋಡಲು ಎರಡೂ ಕಾರು ಅಣ್ಣತಮ್ಮಂದಿರಂತೆ ಇರುವುದರಿಂದ ಬಹಳ ಜನ ಮೋಸಹೋಗುತ್ತಾರೆ.

ಬಾನೆಟ್ ಎತ್ತಿದರೆ ಮುಂದಿನ ನಾಲ್ಕು ಕಾಯಿಲ್‌ಗಳು (ಪ್ಲಗ್ಗಿನ ತಲೆಯ ಮೇಲೆ ಕೂತು ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಭಾಗಗಳು) ಸಾಲಾಗಿ ಎದುರಿಗೇ ಕಾಣುತ್ತವೆ. ಹಿಂದಿನ ನಾಲ್ಕು ಗಾಜಿನ ಬುಡದಲ್ಲಿ, ವೈಪರ್‌ನ ಕೆಳಗಿನ ಕತ್ತಲೆಯಲ್ಲಿ ಅಡಗಿವೆ. ಕಾಣುವುದನ್ನು ಬದಲಿಸಿ, ಕಾಣದ್ದನ್ನು ಬಿಟ್ಟು ಕೈ ತೊಳೆದುಕೊಂಡ ಗ್ಯಾರೇಜಿನವರನ್ನು ನಾನು ಪೂರ್ತಿ ದೂರುವುದಿಲ್ಲ, ಸಂಪಾದನೆ ಕಡಿಮೆ, ಬೆನ್ನುನೋವು ಹೆಚ್ಚು. ಆದರೆ ‘ಪ್ಲಗ್ ಎಲ್ಲ ಹೊಸದು ಮೇಡಂ’ ಎಂದು ಹೇಳುವ ಅಗತ್ಯ ಇರಲಿಲ್ಲ. ಅಂದಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಮಜವೆಂದರೆ ಈ ಎಂಜಿನ್ ದೂರನ್ನೇ ಹೇಳುವುದಿಲ್ಲ. ಮಾಮೂಲಿ ಕಾರಿನಲ್ಲಿ ಒಂದು ಪ್ಲಗ್ ಕೈಕೊಟ್ಟರೆ ಆ ಸಿಲಿಂಡರ್ ಸತ್ತು ಇಡೀ ಗಾಡಿ ನಡುಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತದೆ. ಇಲ್ಲಿ ಹಿಂದಿನದು ಸೊರಗಿದರೂ ಮುಂದಿನದು ಹೇಗೋ ಸಂಸಾರ ತೂಗಿಸುತ್ತದೆ. ನನಗೆ ಕಂಡದ್ದು ಇಷ್ಟೇ: ಬೆಳಗಿನ ಚಳಿಯಲ್ಲಿ ಎರಡನೆಯ ಸಲ ಕೀ ತಿರುಗಿಸಬೇಕಾಗುತ್ತಿತ್ತು, ದಾಬಸ್‌ಪೇಟೆಯ ಮೇಲ್ಸೇತುವೆ ಹತ್ತುವಾಗ ಪಿಕಪ್ ಮಂಕಾಗಿತ್ತು, ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಕಾರು ಹನ್ನೆರಡಕ್ಕೆ ಇಳಿದಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ. ವಯಸ್ಸಿನ ನೆಪ ಕಾರಿಗೂ ಅನ್ವಯಿಸುತ್ತದೆ ನೋಡಿ.

ಮೊದಲು ಪ್ಲಗ್ ಕೊಳ್ಳುವ ಮಾತು. ನಿಮ್ಮ ಕಾರು ಯಾವುದೇ ಇರಲಿ, ಅದರ ಜೊತೆ ಬಂದ ಪುಸ್ತಕದಲ್ಲಿ ಪ್ಲಗ್‌ನ ಸಂಖ್ಯೆ ಇರುತ್ತದೆ, ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನದಕ್ಕೆ ಎನ್‌ಜಿಕೆಯವರ ಬಿಕೆಆರ್6ಇ-11. ಈ ಅಕ್ಷರಗಳು ಸುಮ್ಮನೆ ಇರುವುದಲ್ಲ. ಬಿಕೆ ಎಂದರೆ ಥ್ರೆಡ್, ಅಂದರೆ ತಿರುಪಿನ ಭಾಗ, 14 ಮಿಲಿಮೀಟರ್ ಅಗಲ, ಪಾನಾ ಹಿಡಿಯುವ ಷಟ್ಕೋನ 16 ಮಿಲಿಮೀಟರ್. ಆರ್ ಎಂದರೆ ಒಳಗೆ ವಿದ್ಯುತ್ತಿಗೆ ತಡೆಯೊಡ್ಡುವ ರೆಸಿಸ್ಟರ್ ಇದೆ, ಇಲ್ಲದಿದ್ದರೆ ಕಿಡಿಯ ಸದ್ದು ರೇಡಿಯೋದಲ್ಲಿ ಕೇಳಿಸುತ್ತದೆ, ಕಂಪ್ಯೂಟರಿಗೂ ಕಿರಿಕಿರಿ. 6 ಎಂಬುದು ಶಾಖದ ದರ್ಜೆ. ಇ ಎಂದರೆ ಥ್ರೆಡ್‌ನ ಉದ್ದ 19 ಮಿಲಿಮೀಟರ್. ಕೊನೆಯ 11 ಎಂದರೆ ಪ್ಲಗ್ಗಿನ ತುದಿಯಲ್ಲಿ ನಡುವಿನ ಕಡ್ಡಿಗೂ ಬಾಗಿದ ತುಂಡಿಗೂ ಮಧ್ಯೆ ಕಿಡಿ ಹಾರುವ ಸಂದು 1.1 ಮಿಲಿಮೀಟರ್.

ಶಾಖದ ದರ್ಜೆಯಲ್ಲಿ ಒಂದು ಎಡವಟ್ಟಿದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಿನದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು. ಬಾಷ್‌ನಲ್ಲಿ ತಿರುಗುಮುರುಗು, ಅಂಕಿ ಏರಿದಂತೆ ಬಿಸಿಯದು. ‘ಇದೂ ಆರು, ಅದೂ ಆರು’ ಎಂದು ಅಂಗಡಿಯವರು ಕೊಟ್ಟರೆ ತೆಗೆದುಕೊಳ್ಳಬೇಡಿ, ಹೋಲಿಕೆಯ ಪಟ್ಟಿ ತೋರಿಸಲು ಹೇಳಿ.

ಇದನ್ನು ನನಗೆ ಕಲಿಸಿದವರು ಅಪ್ಪ. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಅವರು ಕೆಲಸದಲ್ಲಿದ್ದರು. 1951ರಲ್ಲಿ ಆರಂಭವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬೆಂಗಳೂರಿನಲ್ಲಿ ಈಗ ಮೈಕೋ ಎಂದರೆ ಹೊಸಬರಿಗೆ ಒಂದು ಬಡಾವಣೆಯ ಹೆಸರು ಮಾತ್ರ. ನಮ್ಮ ಮನೆಯಲ್ಲಿ ಮಾತ್ರ ಪ್ಲಗ್ ಎಂದರೆ ಮೈಕೋ, ಮೈಕೋ ಎಂದರೆ ಪ್ಲಗ್. ಅಪ್ಪನದು ಒಂದೇ ಕಟ್ಟಪ್ಪಣೆ: ಕೆಳಗೆ ಬಿದ್ದ ಪ್ಲಗ್ಗನ್ನು ಎಂಜಿನ್ನಿಗೆ ಹಾಕಬಾರದು. ಬಿಳಿಯ ಪಿಂಗಾಣಿಯ ಒಳಗೆ ಕೂದಲೆಳೆಯ ಬಿರುಕು ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿಡಿ ಮಾತ್ರ ಆ ದಾರಿ ಹಿಡಿದು ಕಳ್ಳನಂತೆ ಹೊರಗೆ ಹೋಗುತ್ತದೆ. ಅಂಗಡಿಯ ಹುಡುಗ ಡಬ್ಬಿಯನ್ನು ಮೇಜಿನ ಮೇಲೆ ಎಸೆದರೆ ನಾನು ಇಂದಿಗೂ ಬೇರೆ ಡಬ್ಬಿ ಕೇಳುತ್ತೇನೆ.

ನಾನು ಕೊಂಡದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಅಲ್ಲಿ ಸಿಗದ ಬಿಡಿಭಾಗವಿಲ್ಲ, ಹಾಗೆಯೇ ನಕಲಿಗೂ ಬರವಿಲ್ಲ. ನಕಲಿ ಪ್ಲಗ್ ಗುರುತಿಸಲು ಮೂರು ಕಡೆ ನೋಡುತ್ತೇನೆ. ಪಿಂಗಾಣಿಯ ಮೇಲಿನ ಅಕ್ಷರಗಳು ಚೂಪಾಗಿರಬೇಕು, ಉಗುರಿನಿಂದ ಉಜ್ಜಿದರೆ ಮಾಸಬಾರದು. ಥ್ರೆಡ್‌ನ ಬುಡದಲ್ಲಿರುವ ವಾಷರ್ ಸಡಿಲವಾಗಿ ಆಡಿದರೂ ತಿರುಗಿಸದೆ ಕಳಚಿ ಬರಬಾರದು. ಕೆಳಗಿನ ಬಾಗಿದ ತುಂಡು ನಡುವಿನ ಕಡ್ಡಿಯ ನೆತ್ತಿಗೆ ಸರಿಯಾಗಿ ಕೂತಿರಬೇಕು, ಪಕ್ಕಕ್ಕೆ ಸರಿದಿರಬಾರದು. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಮೇಲಿನ ತುದಿಗೂ ನಡುವಿನ ಕಡ್ಡಿಗೂ ಹಿಡಿದು ನೋಡಿ, ರೆಸಿಸ್ಟರ್ ಇರುವ ಪ್ಲಗ್ ಸಾಮಾನ್ಯವಾಗಿ ಐದು ಸಾವಿರ ಓಮ್‌ನ ಆಸುಪಾಸಿನಲ್ಲಿ ತೋರಿಸುತ್ತದೆ. ಸೊನ್ನೆ ತೋರಿಸಿದರೆ ಆರ್ ಎಂಬ ಅಕ್ಷರ ಅಲಂಕಾರಕ್ಕೆ ಇದೆ ಎಂದರ್ಥ.

ಇರಿಡಿಯಂ ಪ್ಲಗ್ ಹಾಕಿಸಿ, ಲಕ್ಷ ಕಿಲೋಮೀಟರ್ ಮುಟ್ಟುವಂತಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಸುಳ್ಳಲ್ಲ. ಹಿಂದಿನ ನಾಲ್ಕಕ್ಕಾದರೂ ಅದು ಯೋಗ್ಯ ಎಂದು ನನಗೂ ಅನ್ನಿಸಿತು. ಆದರೆ ಎಂಟು ಇರಿಡಿಯಂ ಪ್ಲಗ್‌ಗಳ ಬೆಲೆಗೆ ಈ ಕಾರಿನ ಎರಡು ಟಯರ್ ಬರುತ್ತವೆ, ನಾನು ವರ್ಷಕ್ಕೆ ಓಡಿಸುವುದು ಎಂಟು ಸಾವಿರ ಕಿಲೋಮೀಟರ್. ಸಾದಾ ನಿಕ್ಕಲ್ ಪ್ಲಗ್ಗೇ ನಾಲ್ಕೈದು ವರ್ಷ ಬಾಳುತ್ತದೆ. ಸಾದಾ ತಂದೆ.

ಸಲಕರಣೆಗಳು ಹೆಚ್ಚಿಲ್ಲ. 16 ಮಿಲಿಮೀಟರಿನ ಪ್ಲಗ್ ಸಾಕೆಟ್, ಒಳಗೆ ರಬ್ಬರ್ ಇರುವಂಥದ್ದು. ಆ ರಬ್ಬರೇ ಪ್ಲಗ್ಗನ್ನು ಕಚ್ಚಿ ಹಿಡಿದು ಮೇಲಕ್ಕೆ ತರುತ್ತದೆ. 10 ಮಿಲಿಮೀಟರಿನ ಸಾಕೆಟ್, ರ್‍ಯಾಚೆಟ್, ಮೂರಿಂಚು ಮತ್ತು ಆರಿಂಚಿನ ಎರಡು ಎಕ್ಸ್‌ಟೆನ್ಷನ್, ಹಿಂದಿನ ಸಾಲಿಗೆ ಒಂದು ಯೂನಿವರ್ಸಲ್ ಜಾಯಿಂಟ್, ಅಂದರೆ ಬಾಗುವ ಕೀಲು. ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು. ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉಪಾಯ ಹೇಳುತ್ತೇನೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ತಲೆಗೆ ಕಟ್ಟಿಕೊಳ್ಳುವ ಟಾರ್ಚ್. ಗೇಣುದ್ದದ ರಬ್ಬರ್ ಪೈಪು, ಪ್ಲಗ್‌ನ ಪಿಂಗಾಣಿಯ ತುದಿಗೆ ಬಿಗಿಯಾಗಿ ಕೂರುವಂಥದ್ದು. ಪೆಟ್ರೋಲ್ ಪೈಪಿನ ತುಂಡು ಸಾಕು. ಈ ಕೊನೆಯದನ್ನು ತಾತ್ಸಾರ ಮಾಡಬೇಡಿ, ಇಡೀ ಪಟ್ಟಿಯಲ್ಲಿ ಅತಿ ಅಗ್ಗದ್ದೂ ಅತಿ ಮುಖ್ಯವಾದದ್ದೂ ಅದೇ.

ಕೆಲಸ ಬೆಳಗ್ಗೆ ಮಾಡಿ, ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನ ಮೇಲೆ. ಪ್ಲಗ್ ಕೂರುವ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಿದ್ದಾಗ ಉಕ್ಕಿನ ಪ್ಲಗ್ಗನ್ನು ಎಳೆದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡೂ ಜೊತೆಗೆ ಕಿತ್ತು ಬರಬಹುದು. ಆಮೇಲೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಹೊರಬೇಕು. ಸಮತಟ್ಟಾದ ಜಾಗ, ಹ್ಯಾಂಡ್ ಬ್ರೇಕ್, ಕೀ ಹೊರಗೆ. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಿಡಿ. ಉಂಗುರ, ಲೋಹದ ಬಳೆ ಇದ್ದರೆ ತೆಗೆದಿಡಿ. ಬ್ಯಾಟರಿಯ ತುದಿಗೂ ಕಾರಿನ ಮೈಗೂ ಬಳೆಯೊಂದು ಸೇತುವೆಯಾದರೆ ಅದು ಕೆಂಡವಾಗುವುದಕ್ಕೆ ಒಂದು ಕ್ಷಣ ಸಾಕು. ಎಂಜಿನ್ ಓಡುತ್ತಿರುವಾಗ ಕಾಯಿಲ್‌ಗಳಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿ ಇರುತ್ತದೆ, ಆಗ ಅವುಗಳ ತಂಟೆಗೇ ಹೋಗಬಾರದು.

ಒಂದು ರಟ್ಟಿನ ಮೇಲೆ ಎರಡು ಸಾಲು ತೂತು ಮಾಡಿ, ಮುಂದೆ 1, 2, 3, 4, ಹಿಂದೆ 1, 2, 3, 4 ಎಂದು ಬರೆದುಕೊಳ್ಳಿ. ಹಳೆಯ ಪ್ಲಗ್ ಹೊರಬಂದಂತೆ ಆಯಾ ತೂತಿಗೆ ಸಿಕ್ಕಿಸಿ. ಎಸೆಯುವ ಪ್ಲಗ್ಗಿಗೆ ಇಷ್ಟೆಲ್ಲ ಮರ್ಯಾದೆ ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮುಂದಿನ ಸಾಲಿನಿಂದ ಆರಂಭಿಸಿ, ಕೈ ಪಳಗುತ್ತದೆ. ಒಂದು ಪ್ಲಗ್ ಮುಗಿಸಿ ಇನ್ನೊಂದಕ್ಕೆ ಹೋಗಿ, ನಾಲ್ಕನ್ನೂ ಒಟ್ಟಿಗೆ ಬಿಚ್ಚಿಕೊಂಡು ಕೂರಬೇಡಿ. ಕಾಯಿಲ್‌ನ ತಲೆಯಲ್ಲಿ ತಂತಿಯ ಕನೆಕ್ಟರ್ ಇರುತ್ತದೆ. ಅದರ ಪುಟ್ಟ ನಾಲಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎಳೆಯಬೇಕು. ಹದಿನೈದು ವರ್ಷ ಎಂಜಿನ್ನಿನ ಬಿಸಿ ತಿಂದ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ತಂತಿ ಹಿಡಿದು ಜಗ್ಗಿದರೆ ಮುರಿಯುತ್ತದೆ. ನನ್ನದರಲ್ಲಿ ಒಂದು ಮುರಿದೇ ಮುರಿಯಿತು, ಈಗ ಅದಕ್ಕೊಂದು ಜಿಪ್ ಟೈ ಕಾವಲಿದೆ. ಆಮೇಲೆ 10 ಮಿಲಿಮೀಟರಿನ ಬೋಲ್ಟ್ ಬಿಚ್ಚಿ, ಕಾಯಿಲನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿ, ಸಡಿಲವಾದ ಮೇಲೆ ನೇರವಾಗಿ ಎಳೆಯಿರಿ. ಗಟ್ಟಿಯಾಗಿ ಕೂತ ಮದ್ಯದ ಬಿರಡೆ ತೆಗೆಯುವವರ ಕೈಚಳಕ ಎನ್ನಬಹುದೇನೋ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಅನುಭವವೇ ಸಾಕಾಯಿತು.

ನಿಮ್ಮದು ಕಾಯಿಲ್ ಬದಲು ದಪ್ಪ ತಂತಿಗಳಿರುವ ಹಳೆಯ ಕಾರಾದರೆ, ತಂತಿಯನ್ನಲ್ಲ, ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನು ಹಿಡಿದು ಎಳೆಯಿರಿ. ತಂತಿಗಳು ಅದಲುಬದಲಾದರೆ ಗಾಡಿ ಕೆಮ್ಮುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಡೀಸೆಲ್ ಕಾರಿನವರು ಇಷ್ಟು ದೂರ ಓದಿದ್ದರೆ ಕ್ಷಮಿಸಿ, ನಿಮ್ಮ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ. ನಮ್ಮ ಪಕ್ಕದ ಮನೆಯವರು ಅರ್ಧ ಗಂಟೆ ಬಾನೆಟ್ ತೆರೆದು ಹುಡುಕಿದ್ದರು.

ಕಾಯಿಲ್ ತೆಗೆದ ಕೂಡಲೇ ಪಾನಾ ಇಳಿಸಬೇಡಿ. ಪ್ಲಗ್ ಕೂತಿರುವ ಆಳದ ಕುಳಿ ಒಂದು ಪುಟ್ಟ ಬಾವಿ, ಅದರೊಳಗೆ ಟಾರ್ಚ್ ಬಿಟ್ಟು ನೋಡಿ. ಮರಳು, ಒಣಗಿದ ಎಲೆಯ ಚೂರು, ಕೆಲವೊಮ್ಮೆ ಇರುವೆ. ಪ್ಲಗ್ ಬಿಚ್ಚಿದ ಕ್ಷಣ ಇವೆಲ್ಲ ಸಿಲಿಂಡರಿನೊಳಗೆ ಬೀಳುತ್ತವೆ. ಸೈಕಲ್ ಪಂಪಿನಿಂದ ನಾಲ್ಕು ಸಲ ಗಾಳಿ ಊದಿ, ಕಣ್ಣನ್ನು ಅತ್ತ ತಿರುಗಿಸಿಕೊಂಡು. ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಯಾವುದೋ ಸೀಲ್ ಹೋಗಿದೆ. ಬಟ್ಟೆಯಿಂದ ಒರೆಸಿ ಮುಂದುವರಿಯಿರಿ, ಆದರೆ ಸೀಲ್ ಬದಲಿಸುವವರೆಗೆ ಹೊಸ ಪ್ಲಗ್ಗಿಗೂ ಕಾಯಿಲ್ಲಿಗೂ ನೆಮ್ಮದಿಯಿಲ್ಲ.

ಈಗ ಸಾಕೆಟ್ ಇಳಿಸಿ ಎಡಕ್ಕೆ ತಿರುಗಿಸಿ. ಮೊದಲ ಅಲುಗಾಟಕ್ಕೆ ‘ಕಟಕ್’ ಎಂಬ ಸದ್ದು ಬರುತ್ತದೆ, ಎದೆ ಝಲ್ಲೆನ್ನುತ್ತದೆ, ಅದು ಸಹಜ. ಸಾಕೆಟ್ ವಾಲಬಾರದು, ವಾಲಿದರೆ ಪಿಂಗಾಣಿ ಮುರಿಯುತ್ತದೆ. ಅರ್ಧ ಸುತ್ತಿನ ಮೇಲೂ ಬಿಗಿಯಾಗಿಯೇ ಬರುತ್ತಿದ್ದರೆ ಒತ್ತಾಯಿಸಬೇಡಿ. ತುಸು ಎಣ್ಣೆ ಬಿಟ್ಟು, ಹತ್ತು ನಿಮಿಷ ಕಾದು, ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಿಡಿಸಿ.

ಹೊರಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿಯಿರಿ. ಅದರ ಮೂಗು, ಅಂದರೆ ಕಿಡಿ ಹಾರುವ ತುದಿ, ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಾಡಿಗೆಯಂಥ ಕಪ್ಪಾದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ನೀವು ಹಾಲು ತರಕಾರಿಗೆಂದು ಒಂದೊಂದೇ ಕಿಲೋಮೀಟರ್ ಓಡಿಸುತ್ತೀರಿ. ಒದ್ದೆಯಾದ ಎಣ್ಣೆಗಪ್ಪಾದರೆ ಎಂಜಿನ್ ಆಯಿಲ್ ಒಳಗೆ ಸೋರುತ್ತಿದೆ, ಖರ್ಚಿಗೆ ಸಿದ್ಧರಾಗಿ. ಸುಣ್ಣ ಬಳಿದಂತೆ ಬೆಳ್ಳಗಿದ್ದು ಗುಳ್ಳೆ ಎದ್ದಿದ್ದರೆ ಅತಿಯಾಗಿ ಕಾದಿದೆ. ಯಾವ ಸಿಲಿಂಡರಿನದು ಎಂದು ತಿಳಿಯಬೇಕಲ್ಲ, ಅದಕ್ಕೇ ರಟ್ಟು. ಇನ್ನೊಂದು ಮಾತು. ಪಿಂಗಾಣಿಯು ಲೋಹವನ್ನು ಸೇರುವ ಅಂಚಿನಲ್ಲಿ ಕಂದು ಉಂಗುರ ಕಾಣಿಸುತ್ತದೆ. ಹೊಗೆ ಸೋರಿದೆ ಎಂದು ಹೆದರಿಸುವವರಿದ್ದಾರೆ. ಅದು ಹೆಚ್ಚಿನ ವೋಲ್ಟೇಜ್ ಸುತ್ತಲಿನ ಎಣ್ಣೆಯ ಕಣಗಳನ್ನು ಸೆಳೆದು ಅಂಟಿಸಿಕೊಂಡ ಕಲೆ, ನಿರುಪದ್ರವಿ.

ಹೊಸ ಪ್ಲಗ್‌ನ ಸಂದನ್ನು ಅಳೆದೇ ಹಾಕಿ, ಡಬ್ಬಿಯಲ್ಲಿ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಬೇಡ. ಅಪ್ಪನ ಫೀಲರ್ ಗೇಜ್‌ನಲ್ಲಿ ಅತಿ ದಪ್ಪದ ಎಲೆ 1.00 ಮಿಲಿಮೀಟರ್. ಅದರ ಜೊತೆಗೆ 0.10ರ ಎಲೆ ಸೇರಿಸಿದರೆ 1.10. ಎರಡೂ ಸೇರಿ ಸಂದಿನಲ್ಲಿ ಜಾರುವಾಗ ಬೆಣ್ಣೆಯಲ್ಲಿ ಚಾಕು ಆಡಿದಂಥ ತುಸು ತಡೆ ಬೆರಳಿಗೆ ತಿಳಿಯಬೇಕು. ಸಡಿಲವಾದರೆ ಬಾಗಿದ ತುಂಡನ್ನು ಮರದ ಹಲಗೆಗೆ ಮೆಲ್ಲಗೆ ತಟ್ಟಿ, ಬಿಗಿಯಾದರೆ ಆ ತುಂಡನ್ನೇ ಸ್ವಲ್ಪ ಮೇಲೆತ್ತಿ. ನಡುವಿನ ಕಡ್ಡಿಯನ್ನು ಮೀಟುಗೋಲು ಮಾಡಿಕೊಳ್ಳಬೇಡಿ. ಇರಿಡಿಯಂ ಆದರಂತೂ ಆ ಕೂದಲಿನಂಥ ತುದಿಗೆ ಗೇಜ್ ತಗುಲಿಸುವುದೂ ಅಪಾಯ, ಇದ್ದ ಹಾಗೆ ಹಾಕಿ.

ಇನ್ನು ರಬ್ಬರ್ ಪೈಪಿನ ಸರದಿ. ಹೊಸ ಪ್ಲಗ್‌ನ ಮೇಲಿನ ತುದಿಯನ್ನು ಪೈಪಿಗೆ ಸಿಕ್ಕಿಸಿ, ಬಾವಿಗೆ ಇಳಿಬಿಟ್ಟು, ಮೊದಲು ಎಡಕ್ಕೆ, ಹೌದು, ಬಿಚ್ಚುವ ದಿಕ್ಕಿಗೇ, ನಿಧಾನವಾಗಿ ತಿರುಗಿಸಿ. ಒಂದು ಕಡೆ ಪ್ಲಗ್ ಮೆತ್ತಗೆ ಒಂದು ಮೆಟ್ಟಿಲು ಇಳಿದಂತೆ ‘ಟಕ್’ ಎಂದು ಕೂರುತ್ತದೆ. ಎರಡು ಥ್ರೆಡ್‌ಗಳ ಬಾಯಿ ಒಂದಕ್ಕೊಂದು ಸಿಕ್ಕಿದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಎರಡು ಬೆರಳಿನಲ್ಲೇ ಸುತ್ತು ಸುತ್ತಾಗಿ ಇಳಿಯುತ್ತದೆ. ಪೈಪಿನ ಗುಣವೇನೆಂದರೆ, ಥ್ರೆಡ್ ಓರೆಯಾಗಿ ಹಿಡಿದರೆ ಅದು ಪ್ಲಗ್‌ನ ಮೇಲೆ ಜಾರಿಬಿಡುತ್ತದೆ. ರ್‍ಯಾಚೆಟ್ ಆದರೆ ಜಾರುವುದಿಲ್ಲ, ನಿಮ್ಮ ಹೆಡ್ಡನ್ನು ಕೊರೆದುಕೊಂಡು ಹೋಗುತ್ತದೆ.

ಕೈಬಿಗಿ ಮುಟ್ಟಿದ ಮೇಲೆ ಮಾತ್ರ ಪಾನಾ. ನನ್ನ ಕಾರಿಗೆ 18 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದವರಿಗೆ ಲೆಕ್ಕ ಹೀಗೆ: ವಾಷರ್ ಇರುವ ಹೊಸ ಪ್ಲಗ್ ಆದರೆ ಕೈಬಿಗಿಯ ನಂತರ ಅರ್ಧ ಸುತ್ತು, ಅಷ್ಟರಲ್ಲಿ ವಾಷರ್ ಚಪ್ಪಟೆಯಾಗಿ ಕೂರುತ್ತದೆ. ಹಳೆಯದನ್ನೇ ಮರಳಿ ಹಾಕುವುದಾದರೆ ಗಡಿಯಾರದ ಒಂದು ಗಂಟೆಯಷ್ಟು, ಅಂದರೆ ಸುತ್ತಿನ ಹನ್ನೆರಡನೆಯ ಒಂದು ಭಾಗ. ಅದರ ಮೇಲೆ ‘ಇರಲಿ ಒಂದು ಏಟು’ ಎಂದು ಒತ್ತುವ ಚಪಲ ನಮ್ಮವರಿಗೆ ಹೆಚ್ಚು. ಥ್ರೆಡ್ಡಿಗೆ ಗ್ರೀಸ್ ಬಳಿಯುವ ಅಭ್ಯಾಸವೂ ಬೇಡ. ಈ ಪ್ಲಗ್‌ಗಳಿಗೆ ಲೇಪನ ಮೊದಲೇ ಇದೆ, ಗ್ರೀಸ್ ಹಚ್ಚಿದರೆ ಅಂದಾಜು ತಪ್ಪಿ ಬೇಕಾದ್ದಕ್ಕಿಂತ ಬಿಗಿಯಾಗುತ್ತದೆ.

ಕಾಯಿಲ್ ಕೂರಿಸಿ, ಬೋಲ್ಟ್ ಹಾಕಿ, ಕನೆಕ್ಟರ್ ಒತ್ತಿ. ‘ಟಿಕ್’ ಎನ್ನಬೇಕು. ಮುಂದಿನ ಸಾಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಬೇರೆ ಕಾರಿನವರಿಗೆ ಇಲ್ಲಿಗೆ ಕೆಲಸ ಮುಗಿಯಿತು, ಕಾಫಿ ಕುಡಿಯಬಹುದು.

ಹಿಂದಿನ ಸಾಲಿಗೆ ಮೂರು ಗಂಟೆ.

ಬರಿಗೈಯನ್ನು ಸಂದಿಯಲ್ಲಿ ತೂರಿಸಿ, ಗಿಡ್ಡ ಎಕ್ಸ್‌ಟೆನ್ಷನ್‌ಗಳನ್ನು ಒಂದಕ್ಕೊಂದು ಜೋಡಿಸುತ್ತ ಮಾಡುವವರೂ ಇದ್ದಾರೆ. ನನ್ನ ಮೊಣಕೈ ಆ ಮಾತಿಗೆ ಒಪ್ಪಲಿಲ್ಲ. ವೈಪರ್ ಬಿಚ್ಚುವುದೇ ಲೇಸು. ಅದಕ್ಕೆ ಮೊದಲು ಗಾಜಿನ ಮೇಲೆ, ವೈಪರ್ ಮಲಗಿರುವ ಗೆರೆಗೆ ಸರಿಯಾಗಿ, ಕಾಗದದ ಟೇಪ್ ಅಂಟಿಸಿ. ಹಿಂದೊಮ್ಮೆ ವೈಪರನ್ನು ಮಾತ್ರ ಈ ಗುರುತು ಮಾಡದೆ ಬಿಚ್ಚಿದ್ದೆ, ಮುಂದಿನ ಮಳೆಯಲ್ಲಿ ಎಡಗಡೆಯ ವೈಪರ್ ಗಾಜಿನ ಅಂಚನ್ನು ಬಡಿಯುತ್ತ ತುಮಕೂರಿನಿಂದ ಗುಬ್ಬಿಯವರೆಗೂ ತಾಳ ಹಾಕಿತ್ತು. ವೈಪರ್ ಕೈಗಳ ನಟ್ ಬಿಚ್ಚಿದರೂ ಅವು ಸುಲಭಕ್ಕೆ ಬರುವುದಿಲ್ಲ, ಹಲ್ಲುಗಳಿಗೆ ತುಕ್ಕು ಹಿಡಿದಿರುತ್ತದೆ. ಸ್ವಲ್ಪ ಎಣ್ಣೆ ಬಿಟ್ಟು ಮೇಲೆ ಕೆಳಗೆ ಆಡಿಸಿದರೆ ಸಡಿಲವಾಗುತ್ತದೆ. ಆಮೇಲೆ ಅದರಡಿಯ ಕಪ್ಪು ಪ್ಲಾಸ್ಟಿಕ್ ಹೊದಿಕೆ, ಅದರ ಕ್ಲಿಪ್ಪುಗಳು, ಕೆಳಗಿನ ವೈಪರ್ ಸರಂಜಾಮು. ಕ್ಲಿಪ್ಪುಗಳಲ್ಲಿ ಕೆಲವು ಮುರಿಯುವುದು ಖಚಿತ, ಅರ್ಧ ಡಜನ್ ಮೊದಲೇ ತಂದಿಟ್ಟುಕೊಳ್ಳಿ. ಹಂತಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ಇಡ್ಲಿ ತಟ್ಟೆಯಷ್ಟು ಒಳ್ಳೆಯ ವರ್ಕ್‌ಶಾಪ್ ಟ್ರೇ ನಾನು ಕಂಡಿಲ್ಲ. ಮನೆಯವರು ಆ ತಟ್ಟೆಯನ್ನು ಮರಳಿ ಅಡುಗೆಮನೆಗೆ ಸೇರಿಸಿಕೊಳ್ಳಲಿಲ್ಲ, ಅದು ಬೇರೆ ಮಾತು.

ಹೊದಿಕೆ ಎದ್ದ ಮೇಲೆ ಹಿಂದಿನ ನಾಲ್ಕು ಕಾಯಿಲ್‌ಗಳು ಕಂಡವು. ಅವುಗಳ ಮೇಲೆ ಹೊಂಗೆಯ ಎಲೆ ಕೊಳೆತು ಗೊಬ್ಬರವಾಗಿತ್ತು. ಬೋಲ್ಟ್‌ನ ತಲೆಯ ಮೇಲೆ ಪಾನಾ ಬಿದ್ದ ಒಂದು ಗೀರೂ ಇರಲಿಲ್ಲ. ಕಾರ್ಖಾನೆಯಿಂದ ಬಂದ ದಿನದಿಂದ ಯಾರ ಕೈಯೂ ಇಲ್ಲಿಗೆ ಇಳಿದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕ್ರಮ ಮುಂದಿನ ಸಾಲಿನದೇ, ತಾಳ್ಮೆ ಮಾತ್ರ ಎರಡರಷ್ಟು. ಇಲ್ಲಿ ಕಣ್ಣಿಗಿಂತ ಬೆರಳಿಗೆ ಕೆಲಸ ಹೆಚ್ಚು. ಗಾಳಿ ಊದುವುದನ್ನು ಮರೆಯಬೇಡಿ, ಕಸ ಇರುವುದೇ ಈ ಕಡೆ. ಯೂನಿವರ್ಸಲ್ ಜಾಯಿಂಟ್ ಬಳಸುವಾಗ ಅದು ಬಾಗಿದಷ್ಟೂ ಸಾಕೆಟ್ ಓರೆಯಾಗಲು ಹವಣಿಸುತ್ತದೆ, ಇನ್ನೊಂದು ಕೈಯಿಂದ ಸಾಕೆಟ್‌ನ ಕತ್ತನ್ನು ಹಿಡಿದು ನೇರವಾಗಿರಿಸಿ. ಎರಡನೆಯ ಪ್ಲಗ್ಗಿಗೆ ಬರುವಷ್ಟರಲ್ಲಿ ನನ್ನ ಸಾಕೆಟ್ಟಿನ ರಬ್ಬರ್ ಕಳಚಿ ಪ್ಲಗ್‌ನ ಮೇಲೆಯೇ ಉಳಿಯಿತು. ಬಿಚ್ಚಿದ ಪ್ಲಗ್ ಬಾವಿಯಲ್ಲಿ, ಬಾವಿ ಕತ್ತಲೆಯಲ್ಲಿ. ರಬ್ಬರ್ ಪೈಪನ್ನೇ ಇಳಿಸಿ ಒತ್ತಿದೆ, ಪ್ಲಗ್ ಅಂಟಿಕೊಂಡು ಮೇಲೆ ಬಂತು. ಒಂದು ಬೋಲ್ಟ್ ಕೈಜಾರಿ ಎಲ್ಲೋ ಬಿದ್ದದ್ದನ್ನು ಸಿಗುವವರೆಗೂ ಹುಡುಕಿದೆ. ಬಾವಿ ತೆರೆದಿರುವಾಗ ಬಿದ್ದ ಬೋಲ್ಟ್ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಾಣದೆ ಎಂಜಿನ್ ತಿರುಗಿಸುವಂತಿಲ್ಲ. ಕೆಲಸ ನಿಲ್ಲಿಸುವಾಗಲೆಲ್ಲ ಬಾವಿಯ ಬಾಯಿಗೆ ಬಟ್ಟೆ ತುರುಕುವುದನ್ನು ಅಂದು ಕಲಿತೆ.

ಎಂಟೂ ಪ್ಲಗ್ ರಟ್ಟಿನ ಮೇಲೆ ನಿಂತಾಗ ಅಳೆದು ನೋಡಿದೆ. ಮುಂದಿನ ಸಾಲಿನಲ್ಲಿ 1.1, 1.1, 1.2, 1.1. ಹಿಂದಿನದಕ್ಕೆ ಒಂದರ ಎಲೆಯ ಜೊತೆ 0.50 ಸೇರಿಸಿದರೂ ಸಡಿಲ. 0.60 ಸೇರಿಸಿದ ಮೇಲೆ ತಡೆ ಸಿಕ್ಕಿತು. ನಡುವಿನ ಕಡ್ಡಿಯ ಚೂಪು ಅಂಚು ಸವೆದು ಸಾಬೂನಿನ ಚೂರಿನಂತೆ ದುಂಡಗಾಗಿತ್ತು, ಬಾಗಿದ ತುಂಡಿನ ಒಳಮೈಯಲ್ಲಿ ಗುಳಿ ಬಿದ್ದಿತ್ತು. ಸಂದು ಅಗಲವಾದಷ್ಟೂ ಕಿಡಿ ದಾಟಲು ವೋಲ್ಟೇಜ್ ಹೆಚ್ಚು ಬೇಕು, ಅದನ್ನು ಹೆರುವ ಕಾಯಿಲ್ ಅಷ್ಟಷ್ಟು ಬೇಗ ಸುಸ್ತಾಗುತ್ತದೆ. ಇನ್ನೂರು ರೂಪಾಯಿಯೂ ಆಗದ ಪ್ಲಗ್ಗನ್ನು ಉಳಿಸಲು ಹೋಗಿ ಅದರ ಹತ್ತಾರು ಪಟ್ಟು ಬೆಲೆಯ ಕಾಯಿಲ್ ಕಳೆದುಕೊಳ್ಳುವ ಲೆಕ್ಕ ಇದು.

ಹೊದಿಕೆಯನ್ನು ಮುಚ್ಚುವ ಮೊದಲು ಕನೆಕ್ಟರ್‌ಗಳನ್ನು ಇನ್ನೊಮ್ಮೆ ಒತ್ತಿ, ‘ಟಿಕ್’ ಎಂಬುದನ್ನು ಬೆರಳು ಮಡಿಸಿ ಎಣಿಸಿ. ಎಂಟು ಬರಬೇಕು. ಬೇರೆ ಕಾರುಗಳಲ್ಲಿ ಒಂದು ತಪ್ಪಿದರೆ ಎಂಜಿನ್ ನಡುಗಿ ಹೇಳುತ್ತದೆ, ಆಗ ಕೀ ಆರಿಸಿ ಸರಿಮಾಡಬಹುದು. ಎಂಜಿನ್ನಿನ ಹಳದಿ ದೀಪ ಮಿನುಗುತ್ತಿದ್ದರೂ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ, ಅಂದರೆ ಹೊಗೆಯ ವಿಷ ತಗ್ಗಿಸುವ ಭಾಗಕ್ಕೆ ಹೋಗಿ ಅದನ್ನು ಸುಡುತ್ತದೆ. ನನ್ನ ಕಾರಿನಲ್ಲಿ ಒಂದು ಸಡಿಲವಾಗಿ ಉಳಿದರೂ ಜೋಡಿಯ ಇನ್ನೊಂದು ಮುಚ್ಚಿಹಾಕುತ್ತದೆ, ಹೊದಿಕೆ ಮುಚ್ಚಿದ ಮೇಲೆ ಗೊತ್ತಾದರೆ ಮತ್ತೆ ಮೂರು ಗಂಟೆ.

ಬ್ಯಾಟರಿ ತಂತಿ ಜೋಡಿಸಿ ಕೀ ತಿರುಗಿಸಿದೆ. ಒಂದೇ ಏಟಿಗೆ ಹತ್ತಿತು. ಬಿಸಿಯಾಗುವವರೆಗೆ ಹಾಗೇ ಓಡಲು ಬಿಟ್ಟು, ಪಕ್ಕದಲ್ಲಿ ನಿಂತು ಕೇಳಿದೆ. ಹೊಲಿಗೆ ಯಂತ್ರದಂಥ ಒಂದೇ ಸಮನಾದ ಸದ್ದು. ಟೇಪ್‌ನ ಗೆರೆಗೆ ವೈಪರ್ ಕೂರಿಸಿ, ನಟ್ ಬಿಗಿದು, ಗಾಜಿಗೆ ನೀರು ಹೊಡೆದು ಒಮ್ಮೆ ಆಡಿಸಿ ನೋಡಿದೆ. ಮರುದಿನ ದಾಬಸ್‌ಪೇಟೆಯ ಏರಿನಲ್ಲಿ ಗೇರ್ ಇಳಿಸಬೇಕಾಗಲಿಲ್ಲ. ಮುಂದಿನ ಎರಡು ಟ್ಯಾಂಕ್ ಲೆಕ್ಕದಲ್ಲಿ ಲೀಟರಿಗೆ ಹದಿಮೂರೂವರೆ.

ಬಾನೆಟ್‌ನ ಒಳಮೈಗೆ ಕಾಗದದ ಟೇಪ್ ಅಂಟಿಸಿ ‘ಪ್ಲಗ್ ಎಂಟೂ, 1,41,260 ಕಿ.ಮೀ.’ ಎಂದು ಬರೆದಿಟ್ಟೆ. ಆಯಿಲ್ ಬದಲಿಸಲು ಅದೇ ಗ್ಯಾರೇಜಿಗೆ ಬಿಟ್ಟಾಗ ಅವರು ಅದನ್ನು ಓದಿ, ಗಾಜಿನ ಬುಡದ ಕಡೆ ಬಗ್ಗಿ ನೋಡಿ, ಹೊಸ ಕ್ಲಿಪ್ಪುಗಳನ್ನು ಬೆರಳಿನಿಂದ ಮುಟ್ಟಿ, ಹಿಂದಿನ ನಾಲ್ಕನ್ನು ಯಾರು ಬಿಚ್ಚಿದರು ಎಂದು ಕೇಳಿದರು. ಹೇಳಿದೆ. ಆ ಸಲದ ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಕೂಲಿ ಮೂರೇ ಸಾಲು ಇತ್ತು, ಎಲ್ಲವನ್ನೂ ಕೂಡಿ ನೋಡಿದೆ, ಸರಿಯಾಗಿತ್ತು.